ಪ್ರಾಗ್ ನಡೆದು ನೋಡುವುದು: ಎಲ್ಲಿ ಗೈಡ್ ಬೇಕು, ಎಲ್ಲಿ ನೀವೊಬ್ಬರೇ ಸಾಕು

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಟವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. ಊರು ನೋಡಲು ಗೈಡ್ ಜೊತೆ ಹೋಗಬೇಕಾ, ಇಲ್ಲ ಫೋನಿನ ಮ್ಯಾಪ್ ಹಿಡಿದು ನಾವೇ ಸುತ್ತಬಹುದಾ? ಇಡೀ ಊರಿಗೆ ಒಂದೇ ಉತ್ತರ ಹುಡುಕಲು ಹೋದರೆ ಅರ್ಧ ಊರು ಕೈತಪ್ಪುತ್ತದೆ. ಪ್ರಾಗ್‌ನ ಒಂದೊಂದು ಭಾಗದ ಸ್ವಭಾವ ಒಂದೊಂದು ಥರ. ವ್ಲತಾವಾ ನದಿಯ ಬಲದಂಡೆಯ ಹಳೇಪೇಟೆಯಲ್ಲಿ ಕಥೆ ಹೇಳುವವರೊಬ್ಬರು ಜೊತೆಗಿರಬೇಕು. ಎಡದಂಡೆಯ ಮಾಲಾ ಸ್ತ್ರಾನಾದಲ್ಲಿ ಕೈಯಲ್ಲಿ ಸಮಯ ಇರಬೇಕು, ಮಾತು ಬೇಡ. ಯೋಸೆಫೊವ್ ಎಂಬ ಹಳೆಯ ಯಹೂದಿ ಕೇರಿಗೆ ಒಂದಿಷ್ಟು ಓದಿಕೊಂಡು ಹೋಗಬೇಕು. ದಕ್ಷಿಣಕ್ಕಿರುವ ವಿಶೆಹ್ರಾದ್ ಕೋಟೆಗೆ ಯಾರೂ ಬೇಡ, ನೀವೊಬ್ಬರೇ ಸಾಕು.

ಹೀಗೆ ಭಾಗ ಮಾಡಿಕೊಂಡರೆ ಖರ್ಚೂ ಕಡಿಮೆ, ಕಾಲಿಗೂ ಸುಖ. ಒಂದೊಂದಾಗಿ ನೋಡೋಣ.

ಊರಿನ ಅಳತೆ

ಪ್ರಾಗ್ ದೊಡ್ಡ ರಾಜಧಾನಿಯಾದರೂ ನೋಡಬೇಕಾದ ಹಳೆಯ ಊರು ಚಿಕ್ಕದು. ಈಗಿನ ಚೆಕ್ ದೇಶದ ಭಾಗವಾದ ಬೊಹೀಮಿಯಾದ ರಾಜರು ಪಟ್ಟಾಭಿಷೇಕಕ್ಕೆ ಹೋಗುತ್ತಿದ್ದ ರಾಜಬೀದಿ ಈಗಲೂ ಹಾಗೇ ಇದೆ. ಪೌಡರ್ ಟವರ್ ಎಂಬ ಕಪ್ಪು ಗೋಪುರದಿಂದ ಶುರುವಾಗಿ, ಸೆಲೆತ್ನಾ ಬೀದಿ, ಹಳೇಪೇಟೆ ಚೌಕ, ಕಾರ್ಲೊವಾ ಬೀದಿ, ಚಾರ್ಲ್ಸ್ ಸೇತುವೆ, ನೆರುದೊವಾ ಬೀದಿ ದಾಟಿ ಅರಮನೆಯ ಕೋಟೆಗೆ ಏರುತ್ತದೆ. ಒಟ್ಟು ಸುಮಾರು ಎರಡೂವರೆ ಕಿಲೋಮೀಟರ್ ಅಷ್ಟೇ. ಈ ದಾರಿಯ ಕೊನೆಯ ಪಟ್ಟಾಭಿಷೇಕ ನಡೆದದ್ದು 1836ರಲ್ಲಿ.

ಎಲ್ಲೂ ನಿಲ್ಲದೆ ನಡೆದರೆ ಮುಕ್ಕಾಲು ಗಂಟೆಯ ದಾರಿ. ಹಾಗಾಗಿಯೇ ಪ್ಯಾಕೇಜ್ ಟೂರಿನ ಬಸ್ಸುಗಳು ಇದನ್ನು ಎರಡು ಮೂರು ಗಂಟೆಯಲ್ಲಿ ಮುಗಿಸಿಬಿಡುತ್ತವೆ. ಪುರಭವನದ ಹಳೆಯ ಗಡಿಯಾರದ ಮುಂದೆ ಒಂದು ಫೋಟೋ, ಸೇತುವೆ ಮೇಲೆ ಒಂದು ಫೋಟೋ, ಆಮೇಲೆ ಬಸ್ಸು. ನಮ್ಮ ಕಡೆಯಿಂದ ಹೋಗುವ ಎಷ್ಟೋ ಜನರ ಪ್ರಾಗ್ ಇಷ್ಟೇ ಆಗಿಬಿಡುತ್ತದೆ ಎಂಬುದು ನನಗೆ ನಿಜವಾಗಿ ಬೇಸರದ ವಿಷಯ. ಇಲ್ಲಿ ನೋಡಬೇಕಾದ್ದರಲ್ಲಿ ಹೆಚ್ಚಿನದು ಕಾಲಬುಡದಲ್ಲಿ, ಬಾಗಿಲ ಮೇಲೆ, ಗೋಡೆಯ ಮೂಲೆಯಲ್ಲಿ ಇದೆ. ಬಸ್ಸಿಗೆ ಗಂಟೆ ನೋಡಿಕೊಂಡು ಓಡುವವರಿಗೆ ಅದು ಕಾಣುವುದಿಲ್ಲ.

ಹಳೇಪೇಟೆ: ಇಲ್ಲಿ ದುಡ್ಡು ಕೊಟ್ಟಾದರೂ ಗೈಡ್ ತೆಗೆದುಕೊಳ್ಳಿ

ಹಳೇಪೇಟೆ ಚೌಕದ ಪುರಭವನದ ಪಕ್ಕದಲ್ಲಿ, ನೆಲದ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. ದಿನಕ್ಕೆ ಸಾವಿರಾರು ಜನ ಅವುಗಳ ಮೇಲೇ ನಿಂತು ಗಡಿಯಾರ ನೋಡುತ್ತಾರೆ. ಬಹಳ ಜನ ಕೆಳಗೆ ನೋಡುವುದೇ ಇಲ್ಲ.

ಅದರ ಕಥೆ ಶುರುವಾಗುವುದು ನದಿಯ ಆಚೆ, ಬೆಟ್ಟದ ಮೇಲಿನ ಕೋಟೆಯಲ್ಲಿ. 1618ರ ಮೇ 23ರಂದು ಪ್ರೊಟೆಸ್ಟೆಂಟ್ ಪಂಗಡದ ಪ್ರಮುಖರು ಹಳೆಯ ಅರಮನೆಯ ಕಚೇರಿಗೆ ನುಗ್ಗಿ, ಕ್ಯಾಥೊಲಿಕ್ ಪಂಗಡದ ಹಾಬ್ಸ್‌ಬರ್ಗ್ ಮನೆತನದ ದೊರೆಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಹೊರಗೆ ಎಸೆದರು. ಮೂವರೂ ಬದುಕಿಕೊಂಡರು. ಆದರೆ ಅಲ್ಲಿಂದ ಹೊತ್ತಿದ ಬೆಂಕಿ ಮೂವತ್ತು ವರ್ಷದ ಯುದ್ಧವಾಗಿ ಯುರೋಪನ್ನು ಸುಟ್ಟಿತು. 1620ರಲ್ಲಿ ಪ್ರಾಗ್ ಹತ್ತಿರದ ಬಿಳಿ ಬೆಟ್ಟದ ಕಾಳಗದಲ್ಲಿ ಬಂಡೆದ್ದವರು ಸೋತರು. ಮರುವರ್ಷ, 1621ರ ಜೂನ್ 21ರಂದು, ಅವರ 27 ನಾಯಕರನ್ನು ಇದೇ ಚೌಕದಲ್ಲಿ ಕೊಂದರು. 12 ಜನರ ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ತೂಗುಹಾಕಿದರು. ಅವು ಹತ್ತು ವರ್ಷ ಅಲ್ಲೇ ಇದ್ದವು.

ಒಂದು ಕಿಟಕಿ, ನೆಲದ ಶಿಲುಬೆಗಳು, ಸೇತುವೆಯ ಗೋಪುರ. ಮೂರೂ ಬೇರೆ ಬೇರೆ ಕಡೆ ಇವೆ. ಮೂರನ್ನೂ ಒಂದು ದಾರದಲ್ಲಿ ಪೋಣಿಸಿ ಕೊಡಲು ಬಾಯಿ ಬಲ್ಲ ಗೈಡ್ ಬೇಕು. ಮ್ಯಾಪ್ ಇದನ್ನು ಮಾಡುವುದಿಲ್ಲ. ಹಳೇಪೇಟೆಯಲ್ಲಿ ಗೈಡ್ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ಯಾವ ಥರದ ಗೈಡ್? ಚೌಕದಲ್ಲಿ ಬಣ್ಣದ ಕೊಡೆ ಹಿಡಿದು ನಿಂತವರು ಕಾಣುತ್ತಾರೆ. ಅವು ‘ಫ್ರೀ ಟೂರ್‌’ಗಳು. ಮೊದಲು ದುಡ್ಡಿಲ್ಲ, ಕೊನೆಗೆ ನಿಮಗೆ ತೋಚಿದಷ್ಟು ಟಿಪ್ಸ್ ಕೊಡುವುದು. ಸುಮಾರು ಎರಡರಿಂದ ಎರಡೂವರೆ ಗಂಟೆ ನಡೆಸುತ್ತಾರೆ. ಟಿಪ್ಸೇ ಅವರ ಸಂಪಾದನೆ, ಹಾಗಾಗಿ ಬಹಳಷ್ಟು ಜನ ಚೆನ್ನಾಗಿ ಮಾತಾಡುತ್ತಾರೆ, ನಗಿಸುತ್ತಾರೆ. ಒಬ್ಬರೇ ಅಥವಾ ಇಬ್ಬರೇ ಹೋಗಿದ್ದರೆ, ಇಂಗ್ಲಿಷ್ ಸಲೀಸಾಗಿದ್ದರೆ, ಮೊದಲ ದಿನಕ್ಕೆ ಇದು ಒಳ್ಳೆಯ ಆಯ್ಕೆ. ಕೊನೆಗೆ ಏನೂ ಕೊಡದೆ ಜಾರಿಕೊಳ್ಳಬೇಡಿ. ಅದು ಅವರ ದಿನಗೂಲಿ.

ಆದರೆ ಗುಂಪು ದೊಡ್ಡದು. ಬೇಸಿಗೆಯಲ್ಲಿ ಒಬ್ಬ ಗೈಡ್ ಹಿಂದೆ ಇಪ್ಪತ್ತು ಮೂವತ್ತು ಜನ ಇರುವುದುಂಟು. ಹಿಂದೆ ನಿಂತವರಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಕೂರಲು ಬಿಡುವು ಸಿಗುವುದು ಕಡಿಮೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಇದನ್ನು ನಾನು ಆರಿಸುವುದಿಲ್ಲ. ಅವರು ಗುಂಪಿನ ವೇಗಕ್ಕೆ ನಡೆಯಲಾರರು, ಸಂಕೋಚಕ್ಕೆ ನಿಲ್ಲಿಸಿ ಎಂದೂ ಹೇಳುವುದಿಲ್ಲ, ಅಲ್ವಾ? ಸಂಜೆ ಹೋಟೆಲ್‌ಗೆ ಬಂದ ಮೇಲೆ ಮಂಡಿ ಹಿಡಿದುಕೊಂಡು ಕೂರುತ್ತಾರೆ.

ಅಂಥವರಿಗೆ ಖಾಸಗಿ ಗೈಡ್ ಸರಿ. ನೋಡಲು ದುಬಾರಿ ಅನ್ನಿಸುತ್ತದೆ. ಆದರೆ ಬಾಡಿಗೆ ತಲೆಗಲ್ಲ, ಗುಂಪಿಗೆ. ಐದಾರು ಜನರ ಕುಟುಂಬ ಹಂಚಿಕೊಂಡರೆ ಅಂಥ ಭಾರವೇನಿಲ್ಲ. ನಿಮ್ಮ ವೇಗಕ್ಕೆ ನಡೆಯುತ್ತಾರೆ, ಬೆಂಚು ಕಂಡಲ್ಲಿ ಕೂರಿಸಿ ಕಥೆ ಹೇಳುತ್ತಾರೆ, ಶೌಚಾಲಯ ಎಲ್ಲಿದೆ ಎಂದು ಬಲ್ಲರು. ಎರಡು ಗಂಟೆಗೆ ಮಾತ್ರ, ಹಳೇಪೇಟೆಗೆ ಮಾತ್ರ ಎಂದು ಮೊದಲೇ ಮಾತಾಡಿಕೊಳ್ಳಿ. ಇಡೀ ದಿನಕ್ಕೆ ಬೇಡ. ಕಥೆ ಎಷ್ಟೇ ಚೆನ್ನಾಗಿದ್ದರೂ ಮೂರನೇ ಗಂಟೆಯಲ್ಲಿ ಕಿವಿ ಸೋಲುತ್ತದೆ.

ಎರಡರ ನಡುವೆ, ಮುಂಗಡ ಟಿಕೆಟ್ ಪಡೆದ ಹತ್ತು ಹನ್ನೆರಡು ಜನರ ಚಿಕ್ಕ ಗುಂಪುಗಳಿವೆ. ಲೇಖಕ ಕಾಫ್ಕಾ ಬದುಕಿದ ಜಾಗಗಳು, ಎರಡನೇ ಮಹಾಯುದ್ಧದ ಪ್ರಾಗ್, ಕಮ್ಯುನಿಸ್ಟ್ ಕಾಲದ ಪ್ರಾಗ್ ಹೀಗೆ ಒಂದೇ ವಿಷಯ ಹಿಡಿದು ನಡೆಸುತ್ತಾರೆ. ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ನನ್ನ ಮೊದಲ ಸಲಹೆ ಇದೇ. ವೆನ್ಸೆಸ್ಲಾಸ್ ಚೌಕ ನಿಜಕ್ಕೂ ಚೌಕವಲ್ಲ, 750 ಮೀಟರ್ ಉದ್ದದ ಅಗಲವಾದ ಬೀದಿ. ಅಂಗಡಿ ಹೋಟೆಲ್‌ಗಳಷ್ಟೇ ಕಾಣುತ್ತವೆ. ಆದರೆ 1968ರ ಸೋವಿಯತ್ ದಾಳಿಯ ಮರು ಜನವರಿಯಲ್ಲಿ ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ತನಗೆ ತಾನೇ ಬೆಂಕಿ ಹಚ್ಚಿಕೊಂಡದ್ದು ಇದರ ತುದಿಯಲ್ಲಿ. 1989ರ ನವೆಂಬರ್‌ನಲ್ಲಿ ಲಕ್ಷಾಂತರ ಜನ ಬೀಗದ ಕೈ ಅಲ್ಲಾಡಿಸಿ ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸಿದ್ದೂ ಇಲ್ಲೇ. ಆ ತುದಿಯ ರಾಷ್ಟ್ರೀಯ ಮ್ಯೂಸಿಯಂ ಮುಂದಿನ ನೆಲದಲ್ಲಿ ಉಬ್ಬಿಬಂದ ಕಂಚಿನ ಶಿಲುಬೆಯೊಂದಿದೆ, ಪಾಲಾಖ್ ನೆನಪಿಗೆ. ಗೊತ್ತಿಲ್ಲದಿದ್ದರೆ ಎಡವಿ ಮುಂದೆ ಹೋಗುತ್ತೀರಿ.

ಆಡಿಯೋ ಗೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರಾಮ್ ಓಡುವ, ಜನ ನುಗ್ಗುವ ಬೀದಿಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಡೆಯುವುದು ನನಗೆ ಸರಿ ಕಾಣುವುದಿಲ್ಲ. ಕೋಟೆಯ ಒಳಗೆ, ಮ್ಯೂಸಿಯಂ ಒಳಗೆ ಆದರೆ ಸರಿ.

ಗಡಿಯಾರದ ಬಗ್ಗೆ ಒಂದು ಮಾತು. ಓರ್ಲೊಯ್ ಎನ್ನುವ ಈ ಖಗೋಳ ಗಡಿಯಾರವನ್ನು 1410ರಲ್ಲಿ ಮಾಡಿದವರು ಕದಾನ್ ಊರಿನ ಮಿಕುಲಾಶ್. ಲೆಕ್ಕಾಚಾರಕ್ಕೆ ನೆರವಾದವರು ಯಾನ್ ಶಿಂದೆಲ್ ಎಂಬ ಪಂಡಿತರು. ಗಂಟೆಗೊಮ್ಮೆ ಯೇಸುವಿನ ಶಿಷ್ಯರಾದ ಅಪೊಸ್ತಲರ ಬೊಂಬೆಗಳು ಕಿಟಕಿಯಲ್ಲಿ ಸುತ್ತಿ ಹೋಗುತ್ತವೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಅದಕ್ಕಾಗಿ ಅರ್ಧ ಗಂಟೆ ಕುತ್ತಿಗೆ ಎತ್ತಿ ನಿಂತವರು ‘ಇಷ್ಟೇನಾ?’ ಎನ್ನುತ್ತಾರೆ. ನಿಜವಾದ ಸೊಗಸು ಬೊಂಬೆಗಳಲ್ಲಿಲ್ಲ, ಮುಖಫಲಕದಲ್ಲಿದೆ. ಹೊರಗಿನ ಉಂಗುರದ ಬಂಗಾರದ ಅಂಕಿಗಳು ಸೂರ್ಯ ಮುಳುಗಿದಾಗಿನಿಂದ ಎಣಿಸುವ ಹಳೆಯ ಬೊಹೀಮಿಯನ್ ಗಂಟೆಗಳು. ಸೂರ್ಯ ಯಾವ ರಾಶಿಯಲ್ಲಿದ್ದಾನೆ ಎಂದೂ ಅದೇ ಫಲಕ ತೋರಿಸುತ್ತದೆ. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಗಂಟೆ ಹೊಡೆಯುವ ಹೊತ್ತಿಗಲ್ಲ, ಅದಾದ ಹತ್ತು ನಿಮಿಷಕ್ಕೆ ಹೋಗಿ. ಜನ ಚದುರಿರುತ್ತಾರೆ, ಫಲಕವನ್ನು ನಿಧಾನವಾಗಿ ಓದಬಹುದು.

ಯೋಸೆಫೊವ್: ಅರ್ಧ ದಿನ ಕೊಡಿ, ಇಲ್ಲವೇ ಬಿಟ್ಟುಬಿಡಿ

ಚೌಕದಿಂದ ಐದು ನಿಮಿಷದ ನಡಿಗೆ. 1893ರಿಂದ ಮುಂದಕ್ಕೆ ಹಳೆಯ ಯಹೂದಿ ಕೇರಿಯ ಬಹುಪಾಲನ್ನು ಕೆಡವಿ ದೊಡ್ಡ ಬೀದಿಗಳನ್ನು ಮಾಡಿದರು. ಉಳಿದದ್ದು ಸಿನಗಾಗ್ ಎನ್ನುವ ಕೆಲವು ಯಹೂದಿ ಪ್ರಾರ್ಥನಾಮಂದಿರಗಳು, ಒಂದು ಪುರಭವನ, ಒಂದು ಸ್ಮಶಾನ. ಹಾಗಾಗಿ ಬೀದಿಯಲ್ಲಿ ಸುಮ್ಮನೆ ಸುತ್ತಿದರೆ ದುಬಾರಿ ಬಟ್ಟೆ ಅಂಗಡಿಗಳು ಕಾಣುತ್ತವೆಯೇ ಹೊರತು ಕೇರಿ ಕಾಣುವುದಿಲ್ಲ. ಟಿಕೆಟ್ ಕೊಂಡು ಒಳಗೆ ಹೋಗಬೇಕು.

ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಊರು, ಮನೆತನ, ಹೆಸರು, ಹುಟ್ಟಿದ ದಿನ. ಮಹಡಿಯ ಮೇಲೆ ನಾಜಿಗಳ ತೆರೆಜೀನ್ ಸೆರೆಶಿಬಿರದಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಇಲ್ಲಿ ಗುಂಪಿನ ಗೈಡ್ ಬೇಡ ಎಂದು ನನಗನ್ನಿಸುತ್ತದೆ. ಹೆಸರು ಓದುತ್ತಾ ನಿಂತವರನ್ನು ‘ಮುಂದೆ ಬನ್ನಿ’ ಎಂದು ಯಾರೂ ಕರೆಯಬಾರದು. ಪಕ್ಕದ ಸ್ಮಶಾನದಲ್ಲಿ 1439ರ ಕಲ್ಲಿನಿಂದ ಹಿಡಿದು ಸುಮಾರು 12,000 ಸಮಾಧಿ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಜಾಗ ಸಾಲದೆ ಸಮಾಧಿಯ ಮೇಲೆ ಮಣ್ಣು ಹಾಕಿ ಮತ್ತೆ ಸಮಾಧಿ ಮಾಡಿದ್ದರಿಂದ ನೆಲವೇ ಬೀದಿಗಿಂತ ಎತ್ತರಕ್ಕೆ ಏರಿದೆ.

ಶನಿವಾರ ಮತ್ತು ಯಹೂದಿ ಹಬ್ಬಗಳಂದು ಎಲ್ಲವೂ ಮುಚ್ಚಿರುತ್ತದೆ. ವಾರಾಂತ್ಯಕ್ಕೆ ಮಾತ್ರ ಬರುವವರು ಇದನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಕು. ಬಂದ ದಿನ ಒಂದೇ, ಅದೂ ಗಡಿಬಿಡಿ ಎಂದಾದರೆ, ಇದನ್ನು ಓಡಿಕೊಂಡು ನೋಡಬೇಡಿ. ಇನ್ನೊಮ್ಮೆ ಬಂದಾಗ ನೋಡಿ.

ಸೇತುವೆ: ಇಲ್ಲಿ ಆರಿಸಬೇಕಾದ್ದು ಹೊತ್ತನ್ನು

ಚಾರ್ಲ್ಸ್ ಸೇತುವೆಯ ಕೆಲಸವನ್ನು ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಶುರುಮಾಡಿಸಿದ. 516 ಮೀಟರ್ ಉದ್ದ, ಎರಡೂ ಬದಿಗೆ 30 ಶಿಲ್ಪಗಳು. 1841ರ ತನಕ ಈ ಊರಿನಲ್ಲಿ ನದಿ ದಾಟಲು ಇದ್ದದ್ದು ಇದೊಂದೇ ಸೇತುವೆ. ಈಗ ವಾಹನಗಳಿಲ್ಲ, ಬರೀ ಕಾಲ್ನಡಿಗೆ.

ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಇಲ್ಲಿ ಜಾತ್ರೆ. ಶಿಲ್ಪದ ಮುಖ ನೋಡಲು ನಿಂತರೆ ಹಿಂದಿನವರು ತಳ್ಳುತ್ತಾರೆ. ಜೇಬುಗಳ್ಳರಿಗೂ ಇದೇ ಹೊತ್ತು ಬೇಕು. ಸೂರ್ಯ ಹುಟ್ಟುವ ಹೊತ್ತಿಗೆ ಹೋದರೆ ಸೇತುವೆ ಬೇರೆಯದೇ ಆಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಯಾವ ತಿಂಗಳು ಎಂಬುದು ಇಲ್ಲಿ ಮುಖ್ಯ. ಜೂನ್‌ನಲ್ಲಿ ಸೂರ್ಯ ಐದಕ್ಕೂ ಮುಂಚೆ ಹುಟ್ಟುತ್ತಾನೆ. ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸುವುದು ಸಾಧ್ಯವಿಲ್ಲದ ಮಾತು. ಅಕ್ಟೋಬರ್ ನಡುವಿನಲ್ಲಿ ಸೂರ್ಯೋದಯ ಏಳೂ ಕಾಲರ ನಂತರ. ಆಗ ಆರಾಮಾಗಿ ಎದ್ದು, ಕಾಫಿ ಕುಡಿದು ಹೋಗಬಹುದು. ನದಿಯ ಮೇಲೆ ಮಂಜೂ ಇರುವ ಕಾಲ ಅದು. ಬೇಸಿಗೆಯಲ್ಲಿ ಬಂದವರಿಗೆ ರಾತ್ರಿ ಹನ್ನೊಂದರ ನಂತರದ ಹೊತ್ತು ಮೇಲು.

ನೇಪೊಮುಕ್‌ನ ಸಂತ ಯಾನ್ ಶಿಲ್ಪವನ್ನು ಹುಡುಕುವುದು ಸುಲಭ. ಅದರ ಪೀಠದ ಕಂಚಿನ ಫಲಕ ಜನ ಮುಟ್ಟಿ ಮುಟ್ಟಿ ಹೊಳೆಯುತ್ತದೆ. 1683ರಲ್ಲಿ ನಿಲ್ಲಿಸಿದ ಇದು ಸೇತುವೆಯ ಈಗಿನ ಶಿಲ್ಪಗಳಲ್ಲಿ ಎಲ್ಲಕ್ಕಿಂತ ಹಳೆಯದು. ಆ ಪಾದ್ರಿಯನ್ನು 1393ರಲ್ಲಿ ದೊರೆಯ ಅಪ್ಪಣೆಯಂತೆ ನದಿಗೆ ಎಸೆದರು. ಎಸೆದ ಜಾಗ ಎಂದು ಹೇಳುವಲ್ಲಿ, ಪಕ್ಕದ ಕಟ್ಟೆಯ ಮೇಲೆ, ಐದು ನಕ್ಷತ್ರಗಳ ಚಿಕ್ಕ ಶಿಲುಬೆ ಇದೆ.

ಎಡದಂಡೆ: ಹತ್ತಿ ಹೋಗುವುದೋ, ಇಳಿದು ಬರುವುದೋ

ಎಲ್ಲರೂ ಸೇತುವೆ ದಾಟಿ, ನೆರುದೊವಾ ಬೀದಿ ಹತ್ತಿ ಕೋಟೆಗೆ ಹೋಗುತ್ತಾರೆ. ರಾಜರ ದಾರಿ ಅದೇ ತಾನೇ. ಆದರೆ ರಾಜರು ಕುದುರೆ ಮೇಲೆ ಹೋಗುತ್ತಿದ್ದರು. ನಾವು ನಡೆಯುವುದು ಚೌಕಾಕಾರದ ಚಿಕ್ಕ ಕಲ್ಲುಗಳ ಏರಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಮೇಲೆ ತಲುಪುವಾಗ ಅರ್ಧ ಶಕ್ತಿ ಹೋಗಿರುತ್ತದೆ, ಆಮೇಲೆ ಕೋಟೆಯೊಳಗಿನ ನಡಿಗೆ ಶುರು. ಆ ಕೋಟೆಯೇನೂ ಚಿಕ್ಕದಲ್ಲ, ಸುಮಾರು 70,000 ಚದರ ಮೀಟರ್.

ನಾನು ಹೇಳುವುದು ಉಲ್ಟಾ ದಾರಿ. 22ನೇ ನಂಬರ್ ಟ್ರಾಮ್ ಹತ್ತಿ. ಅದು ಊರೊಳಗಿಂದಲೇ ನದಿ ದಾಟಿ, ಬೆಟ್ಟ ಸುತ್ತಿ ಮೇಲಕ್ಕೆ ಹೋಗುತ್ತದೆ. ‘ಪ್ರಾಜ್‌ಸ್ಕೀ ಹ್ರಾದ್’ ನಿಲ್ದಾಣದಲ್ಲಿ ಇಳಿದರೆ ಕೋಟೆಗೆ ಹೆಚ್ಚೂಕಡಿಮೆ ಸಮತಟ್ಟಾದ ದಾರಿ. ಎರಡು ನಿಲ್ದಾಣ ಮುಂದೆ, ಪೊಹೊರ್ಝೆಲೆತ್ಸ್‌ನಲ್ಲಿ ಇಳಿದರೆ 1143ರಲ್ಲಿ ಸ್ಥಾಪನೆಯಾದ ಸ್ತ್ರಾಹೊವ್ ಮಠ ಪಕ್ಕದಲ್ಲೇ. ಅಲ್ಲಿಂದ ಇಡೀ ದಿನ ಬರೀ ಇಳಿಜಾರು. ಅರವತ್ತು ದಾಟಿದವರಿಗೂ, ಮಗುವನ್ನು ಎತ್ತಿಕೊಂಡವರಿಗೂ ಈ ಒಂದು ಬದಲಾವಣೆಯಿಂದ ದಿನವೇ ಹಗುರಾಗುತ್ತದೆ. ಒಂದು ಎಚ್ಚರಿಕೆ: ಮಂಡಿ ನೋವು ಇಳಿಯುವಾಗಲೇ ಜಾಸ್ತಿ ಆಗುವವರು ಮೆಟ್ಟಿಲಿನ ದಾರಿ ಬಿಟ್ಟು ನೆರುದೊವಾದ ಇಳಿಜಾರಿನಲ್ಲೇ ಬರಲಿ.

ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ. ಕಟ್ಟಡಗಳಿಗೆ ಟಿಕೆಟ್ ಇದೆ. ಹೊರಗಿನಿಂದ ನೋಡಿದರೆ ಸಾಕಾ, ಒಳಗೂ ಹೋಗಬೇಕಾ? ಒಳಗೆ ಹೋಗಿ. ಸಂತ ವೀತ್ ಕೆಥೆಡ್ರಲ್ ಒಂದಕ್ಕೇ ಟಿಕೆಟ್ ಸಾರ್ಥಕ. 1344ರಲ್ಲಿ ಶುರುವಾದ ಈ ಕಟ್ಟಡ ಮುಗಿದದ್ದು 1929ರಲ್ಲಿ. ಒಳಗೆ ಚಿತ್ರಕಾರ ಅಲ್ಫೋನ್ಸ್ ಮುಖಾ ಮಾಡಿದ ಬಣ್ಣದ ಗಾಜಿನ ಕಿಟಕಿ ಇದೆ. ಆ 1618ರ ಕಿಟಕಿಯೂ ಇದೇ ಟಿಕೆಟ್‌ನಲ್ಲಿ, ಹಳೆಯ ಅರಮನೆಯಲ್ಲಿ ಸಿಗುತ್ತದೆ. ಹಿಂದಿನ ದಿನ ಗೈಡ್ ಹೇಳಿದ ಕಥೆಗೆ ಇಲ್ಲಿ ಜಾಗ ಸಿಕ್ಕಂತಾಗುತ್ತದೆ. ಕೋಟೆಯೊಳಗಿನ ಬಂಗಾರದ ಬೀದಿಯ 22ನೇ ನಂಬರ್ ಮನೆಯಲ್ಲಿ ಕಾಫ್ಕಾ 1916–17ರಲ್ಲಿ ಕೂತು ಬರೆಯುತ್ತಿದ್ದರು. ಭಾನುವಾರ ಬೆಳಗ್ಗೆ ಕೆಥೆಡ್ರಲ್‌ನಲ್ಲಿ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೇ ಪ್ರವೇಶ.

ಇಳಿಯುವಾಗ ನೆರುದೊವಾ ಬೀದಿಯ ಬಾಗಿಲುಗಳ ಮೇಲೆ ನೋಡುತ್ತಾ ಬನ್ನಿ. ಮೂರು ಪಿಟೀಲು, ಎರಡು ಸೂರ್ಯ, ಬಂಗಾರದ ಬಟ್ಟಲು, ಕೆಂಪು ಕುರಿಮರಿ. 1770ರಲ್ಲಿ ಮನೆಗಳಿಗೆ ನಂಬರ್ ಬರುವ ಮುಂಚೆ ಇವೇ ವಿಳಾಸ. ಮೂರು ಪಿಟೀಲಿನ ಮನೆಯಲ್ಲಿ ಪಿಟೀಲು ಮಾಡುವ ಕುಶಲಿಗರು ಇದ್ದರು. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ. ಯಾರು ಹೆಚ್ಚು ಗುರುತು ಹುಡುಕುತ್ತಾರೆ ಎಂದು ಬಿಟ್ಟರೆ ಬೀದಿ ಮುಗಿಯುವ ತನಕ ಕಾಲು ನೋವಿನ ಮಾತೇ ಬರುವುದಿಲ್ಲ.

ಕೆಳಗೆ ಮಾಲಾ ಸ್ತ್ರಾನಾದಲ್ಲಿ ಪಟ್ಟಿ ಹಿಡಿದು ಓಡಬೇಡಿ. ವಾಲ್ಡ್‌ಸ್ಟೈನ್ ಅರಮನೆಯ ತೋಟಕ್ಕೆ ಟಿಕೆಟ್ ಇಲ್ಲ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ನವಿಲುಗಳು ಓಡಾಡುತ್ತವೆ. ಅರಮನೆಯಲ್ಲಿ ಈಗ ಚೆಕ್ ಸಂಸತ್ತಿನ ಸೆನೆಟ್ ಇದೆ. ಕಾಂಪಾ ದ್ವೀಪದಲ್ಲಿ ನದಿಯ ಪಕ್ಕ ಕೂರಲು ಹುಲ್ಲಿದೆ.

ಬೆಂಗಳೂರಿನವರು ಇಲ್ಲಿ ತಪ್ಪದೆ ನೋಡಬೇಕಾದ ಒಂದು ಜಾಗ ಇದೆ. ಕಾರ್ಮೆಲಿತ್‌ಸ್ಕಾ ಬೀದಿಯ ವಿಜಯಮಾತೆ ಚರ್ಚ್. ವಿವೇಕನಗರದ ಇನ್‌ಫೆಂಟ್ ಜೀಸಸ್ ಚರ್ಚ್ ಗೊತ್ತಲ್ಲ, ಗುರುವಾರ ಬಂತೆಂದರೆ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಸಾಲು ನಿಲ್ಲುವ ಚರ್ಚ್? ಅಲ್ಲಿ ಪೂಜೆಗೊಳ್ಳುವ ಬಾಲಯೇಸುವಿನ ಮೂಲ ಪ್ರತಿಮೆ ಇರುವುದು ಇಲ್ಲಿ. ಸ್ಪೇನ್‌ನಿಂದ ಬಂದದ್ದು, ಮೊಳದುದ್ದದ್ದು, ಮರದ ಮೇಲೆ ಮೇಣ. ಪೊಲಿಕ್ಸೆನಾ ಎಂಬ ಶ್ರೀಮಂತ ಮಹಿಳೆ 1628ರಲ್ಲಿ ಇದನ್ನು ಕಾರ್ಮೆಲೈಟ್ ಸನ್ಯಾಸಿಗಳಿಗೆ ಕೊಟ್ಟರು. ಹಬ್ಬಕ್ಕೆ ತಕ್ಕಂತೆ ಬಟ್ಟೆ ಬದಲಿಸುತ್ತಾರೆ. ಜಗತ್ತಿನ ಎಲ್ಲ ಕಡೆಯಿಂದ ಬಂದ ಉಡುಪುಗಳು ಮೇಲಿನ ಚಿಕ್ಕ ಮ್ಯೂಸಿಯಂನಲ್ಲಿವೆ. ಪ್ರವಾಸಿಗರ ದೊಡ್ಡ ದಾರಿಯಿಂದ ಕೆಲವೇ ಹೆಜ್ಜೆ ಆಚೆ, ಆದರೂ ಹೆಚ್ಚು ಗದ್ದಲ ಇರುವುದಿಲ್ಲ. ಇಂಥ ಜಾಗಕ್ಕೆ ನಮ್ಮ ಜನ ಹೋಗದೆ ವಾಪಸಾಗುವುದು ಬೇಡ.

ಉಳಿದದ್ದು ಒಂದೇ ದಿನ: ಮತ್ತೆ ಕೋಟೆಯೋ, ವಿಶೆಹ್ರಾದೋ?

ಎರಡು ದಿನ ಇದ್ದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೋಟೆಯಲ್ಲಿ ಬಿಟ್ಟುಹೋದದ್ದನ್ನು ಮುಗಿಸುವುದಾ, ಹೊಸ ಕಡೆ ಹೋಗುವುದಾ? ನಾನು ಯೋಚಿಸದೆ ವಿಶೆಹ್ರಾದ್ ಎನ್ನುತ್ತೇನೆ.

ಮೆಟ್ರೋ ಸಿ ಲೈನಿನಲ್ಲಿ ಅದೇ ಹೆಸರಿನ ನಿಲ್ದಾಣ. ಇಳಿದು ಹತ್ತು ನಿಮಿಷ ನಡೆದರೆ ಕೋಟೆಬಾಗಿಲು. ಒಳಗೆ ಬರಲು ಟಿಕೆಟ್ ಇಲ್ಲ. ಹನ್ನೊಂದನೇ ಶತಮಾನದ ಗುಂಡನೆಯ ಪುಟ್ಟ ಚರ್ಚ್, ಮರಗಳ ಕೆಳಗೆ ಕೋಟೆಗೋಡೆಯ ಮೇಲಿನ ದಾರಿ, ಕೆಳಗೆ ನದಿಯ ತಿರುವು. ನಾಯಿ ಕರೆದುಕೊಂಡು ಬಂದ ಊರಿನವರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡ ಅಮ್ಮಂದಿರು. ಹಳೇಪೇಟೆಯಲ್ಲಿ ಕಾಣದ ಪ್ರಾಗ್ ಜನ ಇಲ್ಲಿ ಕಾಣುತ್ತಾರೆ.

ಸ್ಮಶಾನವನ್ನು ಬಿಡಬೇಡಿ. ಸಂಗೀತಗಾರರಾದ ಸ್ಮೆತಾನಾ, ದ್ವೋರ್ಝಾಕ್, ಲೇಖಕ ಕಾರೆಲ್ ಚಾಪೆಕ್, ನೆರುದೊವಾ ಬೀದಿಗೆ ಹೆಸರು ಕೊಟ್ಟ ಯಾನ್ ನೆರುದಾ, ಕೆಥೆಡ್ರಲ್ ಕಿಟಕಿಯ ಮುಖಾ ಎಲ್ಲರೂ ಇಲ್ಲೇ ಇದ್ದಾರೆ. ರಾಜರಿಗಲ್ಲ, ಬರೆದವರಿಗೆ, ಹಾಡು ಕಟ್ಟಿದವರಿಗೆ ಮೀಸಲಾದ ಜಾಗ. ಪ್ರತಿವರ್ಷ ಮೇ 12ರಂದು, ಸ್ಮೆತಾನಾ ತೀರಿಕೊಂಡ ದಿನ, ಅವರ ಸಮಾಧಿಗೆ ಗೌರವ ಸಲ್ಲಿಸಿ ಪ್ರಾಗ್‌ನ ವಸಂತ ಸಂಗೀತೋತ್ಸವ ಶುರುವಾಗುತ್ತದೆ.

ಇಲ್ಲಿಂದ ಮೆಟ್ಟಿಲು ಇಳಿದರೆ ನದಿದಂಡೆ. ಅಲ್ಲಿಂದ ಚಾರ್ಲ್ಸ್ ಸೇತುವೆಯವರೆಗೆ ಸುಮಾರು ಮೂರು ಕಿಲೋಮೀಟರ್, ಪೂರ್ತಿ ಸಮತಟ್ಟು. ನೀರಿನ ಪಕ್ಕದ ಈ ಕಟ್ಟೆಗೆ ನಾಪ್ಲಾವ್ಕಾ ಎನ್ನುತ್ತಾರೆ. ಶನಿವಾರ ಬೆಳಗ್ಗೆ ರೈತರ ಸಂತೆ. ಮುಂದೆ 1996ರ ‘ಕುಣಿಯುವ ಮನೆ’, ವಾಸ್ತುಶಿಲ್ಪಿಗಳಾದ ಫ್ರಾಂಕ್ ಗೆರಿ ಮತ್ತು ವ್ಲಾದೊ ಮಿಲುನಿಚ್ ಕಟ್ಟಿದ್ದು. ಆಮೇಲೆ ಬಂಗಾರದ ಚಾವಣಿಯ ರಾಷ್ಟ್ರೀಯ ನಾಟಕಶಾಲೆ. ಗೈಡ್ ಬೇಡ, ಮ್ಯಾಪೂ ಬೇಡ. ನದಿ ಎಡಗಡೆ ಇದ್ದರೆ ಸಾಕು.

ಕೆಲವು ಬಿಡಿ ಮಾತು

ಶೂ ಬಗ್ಗೆ ಮೊದಲು. ಊರಿನ ಕಾಲುದಾರಿಗಳೆಲ್ಲ ಚಿಕ್ಕ ಕಲ್ಲುಗಳ ಹಾಸು. ತೆಳು ಅಟ್ಟೆಯ ಚಪ್ಪಲಿಯಲ್ಲಿ ಎರಡು ಗಂಟೆಗೇ ಅಂಗಾಲು ಉರಿಯುತ್ತದೆ. ಮಳೆ ಬಂದರೆ ಜಾರುತ್ತದೆ. ಹೊಸ ಶೂ ಬೇಡ, ಊರಲ್ಲೇ ಹಾಕಿ ಪಳಗಿಸಿದ್ದು ಇರಲಿ. ಚಕ್ರದ ಸೂಟ್‌ಕೇಸ್ ಎಳೆಯುವುದೂ ಕಷ್ಟ, ಹಾಗಾಗಿ ಟ್ರಾಮ್ ನಿಲ್ದಾಣಕ್ಕೆ ಹತ್ತಿರದ ಹೋಟೆಲ್ ನೋಡಿ.

ರಸ್ತೆ ದಾಟುವಾಗ ಟ್ರಾಮ್ ನಿಮಗಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಜೀಬ್ರಾ ಪಟ್ಟಿಯಲ್ಲಿ ಕಾರುಗಳು ನಿಲ್ಲಬೇಕು, ಟ್ರಾಮ್‌ಗೆ ಮಾತ್ರ ಮೊದಲ ಹಕ್ಕು. ಮೆಟ್ರೋದಲ್ಲಿ ನಮ್ಮ ಬೆಂಗಳೂರಿನ ಥರ ಗೇಟ್ ಇಲ್ಲ. ಕಾಗದದ ಟಿಕೆಟ್ ಕೊಂಡರೆ ಹಳದಿ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ.

ಇಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಹೆಚ್ಚಿನ ಕಡೆ ಕಾರ್ಡ್ ಸಾಕು. ಚೌಕದ ಸುತ್ತ ಹಣ ಬದಲಿಸಿ ಮೋಸದ ದರ ಸಿಕ್ಕರೆ, ರಸೀದಿ ಇಟ್ಟುಕೊಂಡು ಮೂರು ಗಂಟೆಯೊಳಗೆ ವಾಪಸ್ ಹೋಗಿ. 1,000 ಯೂರೋವರೆಗಿನ ವಹಿವಾಟನ್ನು ರದ್ದು ಮಾಡಿಸುವ ಹಕ್ಕನ್ನು 2019ರ ಕಾನೂನು ಕೊಟ್ಟಿದೆ.

ನಲ್ಲಿ ನೀರು ಕುಡಿಯಬಹುದು, ಬಾಟಲಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಆಲೂಗಡ್ಡೆ ಸೂಪ್ ಎಂದು ನಂಬಿ ತರಿಸಬೇಡಿ, ಎಷ್ಟೋ ಕಡೆ ಮಾಂಸದ ಸಾರು ಹಾಕಿರುತ್ತಾರೆ. ಕೇಳಿಕೊಂಡು ತಿನ್ನಿ. ಕರಿದ ಚೀಸ್ ಬಹುತೇಕ ಎಲ್ಲ ಕಡೆ ಸಿಗುತ್ತದೆ.

ಮ್ಯಾಪ್‌ಗೆ ಚೆಕ್ ಜನರದೇ ‘ಮಾಪಿ’ ಆ್ಯಪ್ ಹಾಕಿಕೊಳ್ಳಿ. ಮೆಟ್ಟಿಲು, ಓಣಿ, ತೋಟದ ಕಾಲುದಾರಿ ಎಲ್ಲವನ್ನೂ ತೋರಿಸುತ್ತದೆ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಜರ್ಮನಿ, ಆಸ್ಟ್ರಿಯಾದಲ್ಲಿ ಕೆಲಸಕ್ಕಿರುವ ಕನ್ನಡಿಗರು ವಾರಾಂತ್ಯಕ್ಕೆ ಬರುವುದುಂಟು. ರೈಲಿನಲ್ಲಿ ಡ್ರೆಸ್ಡೆನ್‌ನಿಂದ ಸುಮಾರು ಎರಡೂವರೆ ಗಂಟೆ, ವಿಯೆನ್ನಾದಿಂದ ನಾಲ್ಕು. ಅವರು ಶನಿವಾರ ಬೆಳಗ್ಗೆ ವಿಶೆಹ್ರಾದ್ ಮತ್ತು ನಾಪ್ಲಾವ್ಕಾ ಸಂತೆ ಮುಗಿಸಿ, ಸಂಜೆಗೆ ಹಳೇಪೇಟೆಯ ಚಿಕ್ಕ ಗುಂಪಿನ ನಡಿಗೆ ಸೇರಲಿ. ಭಾನುವಾರ ಬೆಳಗ್ಗೆ ಯೋಸೆಫೊವ್, ಮಧ್ಯಾಹ್ನದ ಮೇಲೆ ಟ್ರಾಮ್ ಹತ್ತಿ ಕೆಥೆಡ್ರಲ್, ಆಮೇಲೆ ಇಳಿಜಾರು.

ಬೆಂಗಳೂರಿನಿಂದ ಪ್ಯಾಕೇಜ್‌ನಲ್ಲಿ ಬಂದು ಅರ್ಧ ದಿನ ಮಾತ್ರ ಸಿಕ್ಕವರು ಹಳೇಪೇಟೆಯನ್ನು ಗುಂಪಿನ ಗೈಡ್ ಜೊತೆ ನೋಡಿ, ‘ಫ್ರೀ ಟೈಮ್’ ಎಂದು ಬಿಟ್ಟ ಕೂಡಲೇ ಅಂಗಡಿಗಳಿಗೆ ಹೋಗದೆ ಸೇತುವೆ ದಾಟಲಿ. ಬಾಲಯೇಸುವಿನ ಚರ್ಚ್, ಕಾಂಪಾ, ಮತ್ತೆ ಸೇತುವೆ. ಚೌಕದಿಂದ ಹೋಗಿ ಬರಲು, ನಡುವೆ ಸ್ವಲ್ಪ ಕೂತು ಸುಧಾರಿಸಿಕೊಂಡರೂ, ಒಂದೂವರೆ ಗಂಟೆ ಸಾಕು. ಕೋಟೆಯನ್ನು ನದಿಯ ಈಚೆಯಿಂದಲೇ ನೋಡಿ. ಅಷ್ಟು ಹೊತ್ತಿನಲ್ಲಿ ಮೇಲೆ ಹೋದರೆ ಹತ್ತಿ ಇಳಿಯುವುದರಲ್ಲೇ ಬಸ್ಸಿನ ಹೊತ್ತಾಗಿಬಿಡುತ್ತದೆ.